ಒಂದು, ಮೂರು, ನಾಲ್ಕು, ಎರಡು

ಪ್ರತಿ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ, ನಮ್ಮ ಮನೆಯಲ್ಲಿ ಹಳೆಯ ಕಾಗದಪತ್ರಗಳ ವಿಲೇವಾರಿ ನಡೆಯುತ್ತದೆ. ನಡೆಸುವವನು ನಾನೊಬ್ಬನೇ. ನಗುವುದಾದರೆ ನಗಿ, ನಮ್ಮ ಮನೆಯವರೂ ನಗುತ್ತಾರೆ. ವಿಮಾ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ಕಡತಗಳನ್ನು ಸಾಲಾಗಿ ನಿಲ್ಲಿಸಿದವನಿಗೆ, ನಿವೃತ್ತಿಯಾದ ಮರುದಿನವೇ ಕಾಗದಗಳು ಎಲ್ಲಾದರೂ ಬಿದ್ದಿರಲಿ ಎಂದು ಅನ್ನಿಸಿಬಿಡುವುದಿಲ್ಲ.

ಹೋದ ತಿಂಗಳು ಹಾಗೆ ಕೂತಿದ್ದಾಗ ಅಲ್ಮೇರಾದ ಕೆಳಗಿನ ಅರೆಯಿಂದ ಒಂದು ತೆಳುವಾದ ನೀಲಿ ರಟ್ಟಿನ ಪುಸ್ತಕ ಕೈಗೆ ಬಂತು. ನಮ್ಮ ಹಳೆಯ ಕಾರಿನ ಕೈಪಿಡಿ. ಕಾರು ಮಾರಿ ಆರು ವರ್ಷವಾಯಿತು. ಕೈಪಿಡಿಯನ್ನು ಕಾರಿನ ಜೊತೆಗೇ ಕೊಡಬೇಕಿತ್ತು, ನಾನು ಕೊಟ್ಟಿರಲಿಲ್ಲ. ಯಾಕೆ ಕೊಡಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಈ ಊರಿನ ಕಡಲಗಾಳಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲಗೆ ಬಿಡಿಸಿದರೆ ಹತ್ತೊಂಬತ್ತನೆಯ ಪುಟ ತಾನಾಗಿ ತೆರೆದುಕೊಂಡಿತು. ಅಚ್ಚಾದ ಒಂದು ಸಾಲಿನ ಮೇಲೆ ಕೆಂಪು ಗೆರೆ. ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯ ನಾಲ್ಕು ಅಂಕಿ. ಅದರ ಕೆಳಗೆ ನನ್ನ ಚಿಕ್ಕ ಸಹಿ. ಇಷ್ಟು ವರ್ಷವಾದರೂ ಶಾಯಿ ಒಂದಿಷ್ಟೂ ಮಾಸಿರಲಿಲ್ಲ. ಒಳ್ಳೆಯ ಶಾಯಿ ಬಳಸುವುದೂ ಕೆಲವು ಸಲ ತಪ್ಪಾಗುತ್ತದೆ.

ಅಂಕಿಗಳ ಮೇಲಿನ ನನ್ನ ಭಕ್ತಿ ಕಚೇರಿಯಲ್ಲಿ ಶುರುವಾದದ್ದಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ನನ್ನನ್ನು ಮೈಸೂರಿನ ಒಂದು ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಅಲ್ಲಿ ನನ್ನ ಹೆಸರು ನಲವತ್ತೊಂದು. ತಟ್ಟೆಯ ಮೇಲೆ ನಲವತ್ತೊಂದು, ಲೋಟದ ಮೇಲೆ ನಲವತ್ತೊಂದು, ಚಾಪೆಯ ಮೂಲೆಯಲ್ಲಿ ನಲವತ್ತೊಂದು. ಗಂಟೆ ಹೊಡೆದರೆ ಏಳಬೇಕು, ಇನ್ನೊಂದು ಗಂಟೆಗೆ ಹಲ್ಲುಜ್ಜಬೇಕು, ಮೂರನೆಯದಕ್ಕೆ ಸ್ನಾನದ ಸಾಲಿನಲ್ಲಿ ನಿಲ್ಲಬೇಕು. ಹಂಡೆಯ ಬಿಸಿನೀರು ಸಾಮಾನ್ಯವಾಗಿ ಮೂವತ್ತನೆಯ ಹುಡುಗನಿಗೆ ಮುಗಿಯುತ್ತಿತ್ತು. ಆರು ವರ್ಷ ನಾನು ತಣ್ಣೀರಿನಲ್ಲೇ ಸ್ನಾನ ಮಾಡಿದೆ. ಅದು ಅನ್ಯಾಯ ಎಂದು ಒಂದು ದಿನವೂ ಅನ್ನಿಸಲಿಲ್ಲ. ನನ್ನ ಸರದಿ ನಲವತ್ತೊಂದನೆಯದು, ಅಷ್ಟೆ. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ಜಗತ್ತು ನಿಂತಿರುವುದು ಅದರ ಮೇಲೆ ಎಂದು ನಂಬಿಕೊಂಡು ಬೆಳೆದೆ. ಮದುವೆಯಾದ ಮೊದಲ ವಾರ ಅಡುಗೆಮನೆಯ ಡಬ್ಬಿಗಳಿಗೆ ನಂಬರು ಅಂಟಿಸಿದಾಗ ರುಕ್ಮಿಣಿ ಕೇಳಿದ್ದಳು, "ರೀ, ನನಗೆ ಎಷ್ಟನೇ ನಂಬರು?"

ರುಕ್ಮಿಣಿ ನನ್ನ ಹೆಂಡತಿ. ನಂಜನಗೂಡಿನವಳು. ಅವಳ ಬಗ್ಗೆ ಹೇಳಬೇಕಾದರೆ ಅವಳ ದನಿಯಿಂದಲೇ ಶುರುಮಾಡಬೇಕು. ಅವಳು ಸಂಗೀತ ಕಲಿತವಳಲ್ಲ. ಓದುವುದು ಗೊತ್ತು, ಗಟ್ಟಿಯಾಗಿ ಓದುವುದು. ದಿನವೂ ಸಂಜೆ ಏಳಕ್ಕೆ ಅಂಬತ್ತೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂದು ದಿನ ತಡವಾಗಿ ಬರುತ್ತಿದ್ದ ಕನ್ನಡ ಪತ್ರಿಕೆಯನ್ನು ನನಗೆ ಓದಿ ಹೇಳುತ್ತಿದ್ದಳು. ಒಂದಕ್ಷರ ಕನ್ನಡ ಬಾರದ ಎದುರುಮನೆಯ ಪಾಟಿಯಮ್ಮ ಕೂಡ ಗೇಟಿಗೆ ಬಂದು ನಿಂತು ಕೇಳುತ್ತಿದ್ದರು. "ನಿಮಗೇನು ಅರ್ಥವಾಗುತ್ತದಮ್ಮ?" ಎಂದು ನಾನು ನನ್ನ ಮುರುಕು ತಮಿಳಿನಲ್ಲಿ ಕೇಳಿದರೆ, "ಅರ್ಥ ಯಾರಿಗೆ ಬೇಕು? ಕಾದುಕ್ಕು ನಲ್ಲಾ ಇರುಕ್ಕು" ಎನ್ನುತ್ತಿದ್ದರು. ಕಿವಿಗೆ ಚೆನ್ನಾಗಿದೆಯಂತೆ. ಓದುತ್ತಿದ್ದದ್ದು ಅಂದಿನ ತೆಂಗಿನಕಾಯಿಯ ಧಾರಣೆ.

ಭಾನುವಾರಗಳಲ್ಲಿ ಅವಳು ಕನ್ನಡ ಸಂಘದಲ್ಲಿ ಮಕ್ಕಳಿಗೆ ಕಥೆ ಹೇಳುವ ತರಗತಿ ನಡೆಸುತ್ತಿದ್ದಳು. ರೈಲ್ವೆಯವರ, ಬ್ಯಾಂಕಿನವರ ಹದಿನೈದು ಮಕ್ಕಳು. ಎಲ್ಲರಿಗೂ ಕನ್ನಡ ತಿಳಿಯುತ್ತಿತ್ತು, ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಇವಳು ಕಥೆಯ ಮಧ್ಯೆ ಬೇಕೆಂದೇ ನಿಲ್ಲಿಸಿದರೆ ಹದಿನೈದು ಬಾಯಿಯೂ ಒಟ್ಟಿಗೆ "ಅಪ್ಪುರಂ?" ಎನ್ನುತ್ತಿದ್ದವು. "'ಆಮೇಲೆ' ಅಂದ್ರೆ ಹೇಳ್ತೀನಿ" ಎಂದು ಇವಳು ಸುಮ್ಮನಾಗುವಳು. ಕೊನೆಗೆ ಒಂದೊಂದಾಗಿ "ಆಮೇಲೆ" ಹೊರಡುತ್ತಿದ್ದವು. ಆ ಹದಿನೈದರಲ್ಲಿ ಒಂದು ಬಾಯಿ ನಮ್ಮ ಮಗಳು ಚೈತ್ರಳದು. ಎಲ್ಲರಿಗಿಂತ ಕೊನೆಗೆ ಬಾಯಿ ಬಿಡುತ್ತಿದ್ದವಳು ಅವಳೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಹೊತ್ತು. ಹೊರನಾಡಿನ ಮಕ್ಕಳಿಗಾಗಿ ಎಂಟು ಕಥೆಗಳ ಒಂದು ಕ್ಯಾಸೆಟ್ ಮಾಡಬೇಕೆಂದು ಸಂಘದವರು ಯೋಚಿಸಿದರು. ಓದುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಕೋಡಂಬಾಕ್ಕಂನಲ್ಲಿ ಒಂದು ರೆಕಾರ್ಡಿಂಗ್ ಥಿಯೇಟರ್ ಒಂದು ಭಾನುವಾರ ಹತ್ತರಿಂದ ಒಂದರವರೆಗೆ ಮಾತ್ರ ಸಿಕ್ಕಿತು. ಹಿಂದೆ ಕನ್ನಡ ಚಿತ್ರಗಳಿಗೆಲ್ಲ ಅಲ್ಲೇ ದನಿ ಕೊಡುತ್ತಿದ್ದರಂತೆ. ಮೂರು ವಾರ ಮುಂಚಿನಿಂದ ರುಕ್ಮಿಣಿ ಮಡಕೆಯ ನೀರು ಬಿಟ್ಟಳು, ಮಜ್ಜಿಗೆ ಬಿಟ್ಟಳು, ಮಾವಿನಕಾಯಿ ಉಪ್ಪಿನಕಾಯಿ ಬಿಟ್ಟಳು. ಬೇಸಿಗೆಯಲ್ಲಿ, ಈ ಊರಿನ ಬೇಸಿಗೆಯಲ್ಲಿ, ದಿನವಿಡೀ ಶುಂಠಿ ಹಾಕಿದ ಬಿಸಿನೀರು ಕುಡಿದಳು. "ನನ್ನ ದನಿ ಪೆಟ್ಟಿಗೆಯೊಳಗೆ ಕೂತ್ಕೊಂಡು ಮಾತಾಡುತ್ತೆ ಅಂದ್ರೆ ನಂಬೋಕಾಗಲ್ಲ ಕಣ್ರೀ" ಎಂದು ಒಂದು ದಿನ ಅಂದಳು. ಆಮೇಲೆ, ನನಗಲ್ಲದೆ ತನಗೇ ಹೇಳಿಕೊಂಡಂತೆ, "ಚೈತ್ರನ ಮಕ್ಕಳು ಕೇಳ್ಬಹುದು" ಎಂದಳು. ಚೈತ್ರಳಿಗೆ ಆಗ ಹದಿಮೂರು.

ಇಷ್ಟು ದೊಡ್ಡ ಕೆಲಸಕ್ಕೆ ನನ್ನದೂ ಒಂದು ಪಾಲಿರಬೇಕೆಂದು ನನಗೆ ಅನ್ನಿಸಿತು. ನನ್ನ ಪಾಲು ಎಂದರೆ ಕಾರು.

ಕಾರನ್ನು ಗಿಂಡಿ ಬಡಾವಣೆಯ ಒಬ್ಬ ಇಂಜಿನಿಯರರಿಂದ ಕೊಂಡಿದ್ದೆವು. ಗುಂಡು ಮೂಗಿನ ಬಿಳಿ ಕಾರು. ಕಂಪನಿಯ ಹೆಸರು ಬೇಡ, ತಪ್ಪು ಅದರದಲ್ಲ. ಅದರ ವೈದ್ಯ ಏಳುಮಲೈ. ಇಂಡಸ್ಟ್ರಿಯಲ್ ಎಸ್ಟೇಟಿನ ಬೇಲಿಯ ಪಕ್ಕ, ಒಂದು ಬೇವಿನ ಮರದ ಬುಡದಲ್ಲಿ ಅವನ ಗ್ಯಾರೇಜು. ಗೋಡೆಯಿಲ್ಲ, ಬಾಗಿಲಿಲ್ಲ, ಬೋರ್ಡೂ ಇಲ್ಲ. ಸ್ಪ್ಯಾನರುಗಳು ಮಣ್ಣಿನಲ್ಲಿ, ನಟ್ಟುಗಳು ತೆಂಗಿನ ಚಿಪ್ಪಿನಲ್ಲಿ. ಬೇಕಾದದ್ದಕ್ಕೆ ಅವನು ತಿರುಗಿಯೂ ನೋಡದೆ ಕೈ ಚಾಚುತ್ತಿದ್ದ, ಅದು ಸಿಗುತ್ತಿತ್ತು. ನನಗೆ ಅದನ್ನು ನೋಡಲು ಹಿಂಸೆಯಾಗುತ್ತಿತ್ತು. ಅದಕ್ಕಿಂತ ಹಿಂಸೆ ಎಂದರೆ ಬಾನೆಟ್ ತೆರೆದಾಗ ಕಾಣುತ್ತಿದ್ದ ವಯರುಗಳು. ಇಂಜಿನ್ನಿನ ನಾಲ್ಕು ಪ್ಲಗ್ಗುಗಳಿಗೆ ಕಿಡಿ ಒಯ್ಯುವ ನಾಲ್ಕು ದಪ್ಪ ಕಪ್ಪು ವಯರುಗಳು ಒಂದರ ಮೇಲೊಂದು ಹಾದು, ಒಂದರ ಕೆಳಗೊಂದು ನುಸುಳಿ, ಸಂತೆಯಲ್ಲಿ ಜಗಳಕ್ಕೆ ನಿಂತವರಂತೆ ಇದ್ದವು.

"ಇದನ್ನ ಸ್ವಲ್ಪ ನೆಟ್ಟಗೆ ಮಾಡಬಾರದೇನಪ್ಪ?" ಎಂದು ಒಂದು ಸಲ ಕೇಳಿದ್ದೆ.

"ಅದು ಅಪ್ಪಡಿದಾನ್ ಸಾರ್ ಇರುಕ್ಕಣುಂ" ಎಂದಿದ್ದ. ಅದು ಹಾಗೇ ಇರಬೇಕು.

ಹಾಗೇ ಇರಬೇಕು ಎಂಬುದು ಸೋಮಾರಿಗಳ ಮಾತು. ಮೂವತ್ತೊಂದು ವರ್ಷ ನನ್ನ ಕೈಕೆಳಗಿನ ಗುಮಾಸ್ತರ ಬಾಯಲ್ಲಿ ಅದನ್ನು ಕೇಳಿದ್ದೇನೆ. ಬೆಳಗಿನ ಹೊತ್ತು ಕಾರು ಸ್ಟಾರ್ಟಾದಾಗ ಒಂದೆರಡು ಸಲ ಮೈ ನಡುಗಿಸುತ್ತಿತ್ತು. ಕಾರಣ ಈ ಅಸ್ತವ್ಯಸ್ತತೆಯೇ ಎಂದು ನಾನು ತೀರ್ಮಾನಿಸಿದೆ. ರೆಕಾರ್ಡಿಂಗಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಎರಡರಿಂದ ಐದು ಐವತ್ತೈದರವರೆಗೆ ಒಂದು ಪಟ್ಟಿ ಬರೆದುಕೊಂಡು ನಾನೇ ರಿಪೇರಿಗೆ ಇಳಿದೆ.

ಆ ಮಧ್ಯಾಹ್ನದ ಬಗ್ಗೆ ನಾಚಿಕೆಯ ಜೊತೆಗೆ ಒಂದು ಸಂತೋಷವೂ ನನ್ನಲ್ಲಿ ಉಳಿದಿದೆ, ಸುಳ್ಳು ಹೇಳಲಾರೆ. ಒಳಗೆ ರುಕ್ಮಿಣಿ ಎರಡನೆಯ ಕಥೆ ಓದುತ್ತಿದ್ದಳು. ಹೊರಗೆ ನಾನು ಪತ್ರಿಕೆ ಹಾಸಿ, ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜುತ್ತಿದ್ದೆ. ಕಥೆಯಲ್ಲಿ ನರಿ ಮಾತಾಡುವಾಗ ಅವಳ ದನಿ ಸಣ್ಣಗಾಗುತ್ತಿತ್ತು, ನನ್ನ ಕೈಯೂ ಮೆಲ್ಲಗಾಗುತ್ತಿತ್ತು. ವಯರುಗಳನ್ನು ಎರಡೂ ತುದಿಯಿಂದ ಕಿತ್ತು ತೊಳೆದು ಒರೆಸಿದೆ. ಚಿಕ್ಕದರಿಂದ ಉದ್ದಕ್ಕೆ ಜೋಡಿಸಿ, ಪ್ರತಿಯೊಂದಕ್ಕೂ ಗಾಯದ ಪ್ಲಾಸ್ಟರಿನ ತುಂಡು ಸುತ್ತಿ ನಂಬರು ಬರೆದೆ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಸಿಕ್ಕಿಸುವ ಮುನ್ನ ಯಾವುದಕ್ಕೂ ಇರಲಿ ಎಂದು ಕೈಪಿಡಿ ತೆರೆದೆ.

ಹತ್ತೊಂಬತ್ತನೆಯ ಪುಟದಲ್ಲಿ ಕಿಡಿ ಹಾರುವ ಕ್ರಮ ಎಂದು ಬರೆದು, ಅದರ ಮುಂದೆ 1-3-4-2 ಎಂದು ಅಚ್ಚಾಗಿತ್ತು.

ನಾನು ನಕ್ಕೆ. ಕ್ರಮವಂತೆ, ಒಂದಾದ ಮೇಲೆ ಮೂರಂತೆ. ಅಚ್ಚಿನ ಮೊಳೆ ಜೋಡಿಸುವವರ ಕೈಯಲ್ಲಿ ಅಂಕಿಗಳು ಹೇಗೆ ಸ್ಥಳ ಬದಲಿಸುತ್ತವೆ ಎಂಬುದನ್ನು ಕಚೇರಿಯ ಸುತ್ತೋಲೆಗಳಲ್ಲಿ ಎಷ್ಟು ನೋಡಿಲ್ಲ? ಆಗ ನನಗೆ ಎಲ್ಲವೂ ಹೊಳೆಯಿತು. ಈ ಒಂದು ಅಚ್ಚಿನ ತಪ್ಪನ್ನು ನಂಬಿಕೊಂಡು ಊರಿನ ಮೆಕ್ಯಾನಿಕ್ಕುಗಳೆಲ್ಲ ವರ್ಷಗಟ್ಟಲೆ ವಯರುಗಳನ್ನು ಅಡ್ಡಡ್ಡ ಹೆಣೆಯುತ್ತ ಬಂದಿದ್ದಾರೆ! ಯಾರಾದರೂ ಒಬ್ಬರು ಇದನ್ನು ತಿದ್ದಬೇಕಿತ್ತು. ಒಳಗೆ ಹೋಗಿ ಕೆಂಪು ಪೆನ್ನು ತಂದೆ. ಅಚ್ಚಾದ ಸಾಲನ್ನು ಹೊಡೆದು, ಅಂಚಿನಲ್ಲಿ 1-2-3-4 ಎಂದು ಬರೆದೆ. ತಿದ್ದುಪಡಿ ಮಾಡಿದವನು ಅದರ ಕೆಳಗೆ ಚಿಕ್ಕ ಸಹಿ ಹಾಕಬೇಕೆಂಬುದು ನಮ್ಮ ರೆಕಾರ್ಡ್ ರೂಮಿನ ನಿಯಮ, ಹಾಕಿದೆ. ಶಾಯಿ ಒಣಗಲೆಂದು ಪುಸ್ತಕವನ್ನು ತೆರೆದೇ ಊಟದ ಮೇಜಿನ ಮೇಲಿಟ್ಟು ಬಂದು ವಯರುಗಳನ್ನು ಸಿಕ್ಕಿಸಿದೆ. ಒಂದೂ ಇನ್ನೊಂದನ್ನು ದಾಟಲಿಲ್ಲ. ವೀಣೆಯ ತಂತಿಗಳ ಹಾಗೆ ಕಂಡವು. ಐದು ಐವತ್ತೈದಕ್ಕೆ ಸರಿಯಾಗಿ ಬಾನೆಟ್ ಮುಚ್ಚಿದೆ. ಆರಕ್ಕೆ ನನ್ನ ಸಂಜೆಯ ಸ್ನಾನ. ಒಮ್ಮೆ ಸ್ಟಾರ್ಟ್ ಮಾಡಿ ನೋಡಲು ಒಂದು ನಿಮಿಷ ಸಾಕಿತ್ತು. ಆದರೆ ಅದು ಪಟ್ಟಿಯಲ್ಲಿರಲಿಲ್ಲ.

ಭಾನುವಾರದ ವೇಳಾಪಟ್ಟಿ ಹೀಗಿತ್ತು: ಎಂಟೂವರೆಗೆ ಹೊರಡುವುದು, ಒಂಬತ್ತು ಇಪ್ಪತ್ತಕ್ಕೆ ಕೋಡಂಬಾಕ್ಕಂ, ನಲವತ್ತು ನಿಮಿಷ ಕೈಯಲ್ಲಿ. ರುಕ್ಮಿಣಿ ಎಲೆಹಸಿರು ಸೀರೆ ಉಟ್ಟು, ಕಥೆಗಳ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಬಾಯಲ್ಲಿ ಲವಂಗ, ಆದ್ದರಿಂದ ಮಾತಿಲ್ಲ. ನಾನು ಕೀಲಿ ತಿರುಗಿಸಿದೆ.

ಕಾರು ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದೆ. ಬಾನೆಟ್ಟಿನೊಳಗೆ ಏನೋ ಡಬ್ ಎಂದಿತು, ಹಿಂದೆ ಹೊಗೆಯ ಕೊಳವೆಯಲ್ಲಿ ಢಂ ಎಂದಿತು. ಎದುರುಮನೆಯ ಪಾಟಿಯಮ್ಮ ಹೊರಗೆ ಓಡಿಬಂದು ಯಾರ ಮನೆಯಲ್ಲಿ ಮದುವೆ, ಪಟಾಕಿ ಯಾಕೆ ಎಂದು ಕೇಳಿದರು. ನಾನು ಇಳಿದು ಬಾನೆಟ್ ಎತ್ತಿದೆ. ವಯರುಗಳು ನಾನು ಜೋಡಿಸಿದಂತೆಯೇ ಇದ್ದವು, ಅಷ್ಟೇ ಚೆಂದ.

"ರೀ, ಆಟೋ ಹಿಡಿಯೋಣ" ಎಂದಳು ರುಕ್ಮಿಣಿ. ಲವಂಗ ತೆಗೆದು ಕೈಯಲ್ಲಿಟ್ಟುಕೊಂಡಿದ್ದಳು.

"ಹತ್ತೇ ನಿಮಿಷ. ಇನ್ನೂ ಕೈಯಲ್ಲಿ ನಲವತ್ತಿದೆ."

ಹತ್ತು ನಿಮಿಷ ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದೆ. ಮತ್ತೆ ಡಬ್, ಮತ್ತೆ ಢಂ. ಚೈತ್ರ ಬಾಗಿಲಿಗೆ ಬಂದಳು.

"ಅಪ್ಪಾ, ನಾ ಪೋಯಿ ಏಳುಮಲೈ ಅಣ್ಣನ ಕೂಟ್ಟಿಟ್ಟು ವರಟ್ಟುಮಾ?"

"ಕನ್ನಡದಲ್ಲಿ ಹೇಳು."

"ಏಳುಮಲೈ ಅಣ್ಣನ್ನ ಕರ್ಕೊಂಡು ಬರ್ಲಾ?"

"ಬೇಡ."

"ಮತ್ಯಾಕೆ ಕನ್ನಡದಲ್ಲಿ ಹೇಳ್ಸಿದ್ದು?" ಎಂದು ಅವಳು ಒಳಗೆ ಹೋದಳು.

ಒಂಬತ್ತಾಯಿತು. "ಆಟೋ" ಎಂದು ರುಕ್ಮಿಣಿ ಎರಡನೆಯ ಸಲ ಅಂದಳು. ನನಗೆ ಕೇಳಿಸಿತು. ಬೆವರು ಕಣ್ಣಿಗಿಳಿಯುತ್ತಿತ್ತು, ಕೈಗೆ ಕರಿ ಬಳಿದಿತ್ತು, ಮತ್ತು ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಕೋಡಂಬಾಕ್ಕಂ ಇರಲಿಲ್ಲ, ಕಥೆಗಳೂ ಇರಲಿಲ್ಲ. ಕ್ರಮ ಸರಿಯಾಗಿದೆ, ಆದ್ದರಿಂದ ಕಾರು ಹೊರಡಲೇಬೇಕು ಎಂಬುದೊಂದೇ ಇತ್ತು. ಮತ್ತೊಮ್ಮೆ ಕೀಲಿ ತಿರುಗಿಸಿದೆ. ಈ ಸಲದ ಢಂ ಬೇರೆ ತರಹದ್ದು. ಕಾರಿನ ಹೊಟ್ಟೆಯ ಕೆಳಗೆ ಸೈಲೆನ್ಸರ್ ಹೊಲಿಗೆ ಬಿಟ್ಟು ಸೀಳಿತು. ರುಕ್ಮಿಣಿ ಮೆಲ್ಲಗೆ ಇಳಿದು ಹೋಗಿ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಹಾಳೆಗಳನ್ನು ಬಿಡಿಸಿ ಓದಿಕೊಳ್ಳಲು ಶುರುಮಾಡಿದಳು, ತುಟಿ ಮಾತ್ರ ಅಲ್ಲಾಡಿಸುತ್ತ.

ಚೈತ್ರ ನನ್ನ ಮಾತು ಕೇಳಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಸೈಕಲ್ ತೆಗೆದುಕೊಂಡು ಹೋಗಿದ್ದಳು. ಒಂಬತ್ತೂ ನಲವತ್ತಕ್ಕೆ ಏಳುಮಲೈಯೊಂದಿಗೆ ಬಂದಳು. ಅವನು ಭಾನುವಾರದ ಎಣ್ಣೆಸ್ನಾನಕ್ಕೆ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದವನು ಹಾಗೆಯೇ ಬಂದಿದ್ದ. ಬಾನೆಟ್ಟಿನೊಳಗೆ ಒಂದು ಸಲ ನೋಡಿದ. ನನ್ನನ್ನು ನೋಡಿದ. ನಂಬರು ಬರೆದ ಪ್ಲಾಸ್ಟರುಗಳನ್ನು ನೋಡಿದ.

"ಯಾರ್ ಸಾರ್ ವಯರ್‌ಲ ಕೈ ವೆಚ್ಚದು?"

ವಯರಿಗೆ ಕೈ ಹಾಕಿದವರು ಯಾರು ಎಂದು ಕೇಳಿದ. ಒಳಗಿಂದ ಕೈಪಿಡಿ ತಂದು ಪುಟ ತೆರೆದು ಹಿಡಿದೆ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಕೆಂಪು ಗೆರೆಯ ಮೇಲೆ ಬೆರಳಿಟ್ಟು ನಗಲು ಶುರುಮಾಡಿದ. ಪುಸ್ತಕದಲ್ಲಿ ಸರಿಯಾಗಿಯೇ ಇದೆ, ಈ ಕೆಂಪಿನಲ್ಲಿ ಬರೆದ ಮಹಾನುಭಾವರು ಯಾರು ಎಂದ.

ರುಕ್ಮಿಣಿ ಮೆಟ್ಟಿಲ ಮೇಲಿಂದ ನೋಡುತ್ತಿದ್ದಳು.

"ಹಳೇ ಓನರ್ ಇರಬೇಕು" ಎಂದೆ. "ಆ ಗಿಂಡಿ ಇಂಜಿನಿಯರ್."

"ಇಂಜಿನಿಯರಾ?" ಎಂದು ಏಳುಮಲೈ ಇನ್ನೂ ನಕ್ಕ. ನಗುತ್ತಲೇ ಮೂರು ವಯರು ಕಿತ್ತು, ಮೂರನ್ನೂ ಅದಲುಬದಲು ಮಾಡಿ ಸಿಕ್ಕಿಸಿದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಸಿಕ್ಕಿಸುತ್ತ ಹೇಳಿದ, ಅವನ ತಮಿಳನ್ನು ನನಗೆ ತಿಳಿದಷ್ಟು ಕನ್ನಡಕ್ಕೆ ತರುತ್ತೇನೆ. "ನಾಲ್ಕು ಹೆಂಗಸರು ಒಂದು ಒರಳ ಸುತ್ತ ನಿಂತು ಭತ್ತ ಕುಟ್ಟೋದು ನೋಡಿದೀರಾ ಸಾರ್? ಪಕ್ಕಪಕ್ಕದವರು ಒಬ್ಬರ ಹಿಂದೆ ಒಬ್ಬರು ಒನಕೆ ಹಾಕಿದರೆ ಕೈಗೆ ಕೈ ಬಡಿಯುತ್ತೆ. ಒಬ್ಬರು ಹಾಕಿದ ಮೇಲೆ ಪಕ್ಕದವರು ಬಿಟ್ಟುಕೊಡಬೇಕು. ಅದೇ ಅವರ ಕ್ರಮ."

ಬಿಟ್ಟುಕೊಡಬೇಕು. ವಿದ್ಯಾರ್ಥಿನಿಲಯದಲ್ಲಿ ನನಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತು. ಸೈಲೆನ್ಸರ್ ಸೀಳಿದ್ದರಿಂದ ಲಾರಿಯಂತೆ ಅಬ್ಬರಿಸಿತು. ಪಾಡಿ ದಾಟಿ, ಅಣ್ಣಾನಗರ ದಾಟಿ, ದಾರಿಯುದ್ದಕ್ಕೂ ಜನ ತಿರುಗಿ ನೋಡುವ ಹಾಗೆ ನಾವು ಹೋದೆವು. ಆ ಸದ್ದಿನಲ್ಲಿ ಮಾತಾಡುವ ಹಾಗಿರಲಿಲ್ಲ. ನನಗೆ ಅದರಿಂದ ಅನುಕೂಲವೇ ಆಯಿತು.

ಥಿಯೇಟರು ಒಂದು ಮಹಡಿಯ ಮೇಲಿತ್ತು. ನಾವು ಮೆಟ್ಟಿಲು ಹತ್ತಿದಾಗ ಹತ್ತೂ ಮೂವತ್ತೈದು. ದಪ್ಪ ಬಾಗಿಲಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಸಂಘದ ಕಾರ್ಯದರ್ಶಿಗಳು ಧಾರವಾಡದವರು, ಬ್ಯಾಂಕಿನಲ್ಲಿದ್ದವರು. ಎದ್ದು ಬಂದು ಕೈ ಮುಗಿದರು.

"ಅಕ್ಕಾರ, ಹತ್ತಕ್ಕ ನಿಮ್ಮ ಮನಿಗೆ ಫೋನ್ ಹಚ್ಚಿದ್ದೆ. ಮಗಳು ಈಗ ಹೊಂಟಾರ ಅಂದ್ಲು. ಅಂಬತ್ತೂರಿಂದ ಅಂದ್ರ ಇನ್ನ ತಾಸು ಹಿಡಿತದ ಅಂತ ತಿಳ್ಕೊಂಡ್ವಿ. ಒಂದಕ್ಕ ಜಾಗಾ ಬಿಟ್ಟು ಕೊಡಬೇಕ್ರೀ. ಕೊಳಲಿನವರು, ತಬಲಾದವರು ಎಲ್ಲಾ ಬಂದು ಕೂತಿದ್ರು."

ಕೇಳಲೆಂದು ಬಂದಿದ್ದ ಸಂಘದ ಒಬ್ಬ ಹೆಂಗಸಿಗೆ ತಮ್ಮ ಬಳಿಯಿದ್ದ ಕಥೆಗಳ ಪ್ರತಿ ಕೊಟ್ಟು ಅವರು ಓದಲು ಕೂರಿಸಿದ್ದರು. ಗಾಜಿನ ಆಚೆ ಅವರು ಕಾಣುತ್ತಿದ್ದರು, ಈಚೆಯ ಸ್ಪೀಕರಿನಲ್ಲಿ ದನಿ ಕೇಳುತ್ತಿತ್ತು. ಮೊದಲ ಕಥೆ ಮುಗಿದು ಎರಡನೆಯದು ನಡೆಯುತ್ತಿತ್ತು.

"ಉಳಿದ ಆರು ಕಥೆ ಇವಳು ಓದಬಹುದಲ್ಲ?" ಎಂದೆ ನಾನು.

ಕಾರ್ಯದರ್ಶಿಗಳು ಏನೋ ಹೇಳಲು ಹೊರಟರು. ಅವರಿಗಿಂತ ಮೊದಲು ರುಕ್ಮಿಣಿಯೇ ಹೇಳಿದಳು. "ಎರಡು ದನಿ ಆದ್ರೆ ಮಕ್ಕಳಿಗೆ ಗಲಿಬಿಲಿ ಆಗುತ್ತೆ. ಅವರೇ ಓದ್ಲಿ. ಚೆನ್ನಾಗೇ ಓದ್ತಿದಾರೆ." ಸ್ವಲ್ಪ ಹೊತ್ತು ಗಾಜಿನ ಮುಂದೆ ನಿಂತಿದ್ದಳು. ಒಳಗಿನವರು ನರಿಯ ಮಾತಿಗೆ ಬಂದಾಗ ಇವಳ ತುಟಿ ಸ್ವಲ್ಪ ಅಲುಗಿತು. ಹಾಳೆಗಳನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟು ಮೆಟ್ಟಿಲಿಳಿದಳು.

ಹಿಂದಿರುಗುವಾಗ ಒಂದು ಅಂಗಡಿಯ ಮುಂದೆ ಕೈ ತೋರಿಸಿ ಕಾರು ನಿಲ್ಲಿಸಲು ಹೇಳಿದಳು. ಇಳಿದು ಹೋಗಿ ರೋಸ್‌ಮಿಲ್ಕ್ ಕೇಳಿದಳು. ಅಂಗಡಿಯವನು ಐಸ್ ಹಾಕಲೇ ಎಂದು ಕೇಳಿದ, ಹಾಕು ಎಂದಳು. ಮೂರು ವಾರ ಕುದಿಸಿದ ನೀರು ಕುಡಿದಿದ್ದವಳು ಲೋಟವನ್ನು ಎತ್ತಿ ಒಂದೇ ಸಲಕ್ಕೆ ಮುಗಿಸಿದಳು. ನಾನು ನೋಡುತ್ತ ನಿಂತಿದ್ದೆ.

"ಇನ್ನೇನು, ಕುಡೀಬಹುದಲ್ಲ" ಎಂದಳು.

ಅವಳು ಜಗಳವಾಡಲಿಲ್ಲ. ಸಂಜೆ ಏಳಕ್ಕೆ ಎಂದಿನಂತೆ ಪತ್ರಿಕೆ ಓದಿದಳು. ನಿಲ್ಲಿಸಿದ್ದರೆ ಯಾಕೆ ಎಂದು ನಾನು ಕೇಳಬಹುದಿತ್ತು. ಅವಳು ನನಗೆ ಆ ದಾರಿಯನ್ನೂ ಕೊಡಲಿಲ್ಲ. ಮರುವರ್ಷ ಸಂಘದವರು ಎರಡನೆಯ ಕ್ಯಾಸೆಟ್ಟಿಗೆ ಕೇಳಲು ಮನೆಗೇ ಬಂದರು. "ಬೇಡಿ, ನಮ್ಮ ಯಜಮಾನ್ರಿಗೆ ಟೈಮ್ ಹೊಂದಲ್ಲ" ಎಂದು ನಗುತ್ತಲೇ ಹೇಳಿ ಅವರಿಗೆ ಕಾಫಿ ಕೊಟ್ಟಳು. ವೇಳೆಗೆ ಹೆಸರಾದವನು ನಾನು, ಅಲ್ಲೇ ಕೂತು ನನ್ನ ಕಾಫಿ ಕುಡಿದೆ.

ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಈ ಮಾತನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ನಾನೇ ಒಂದು ಖಾಲಿ ಕ್ಯಾಸೆಟ್ ತಂದೆ. ಮೊದಲು ಲೇಬಲ್ ಬರೆದೆ: 'ರುಕ್ಮಿಣಿ, ಕಥೆಗಳು, ಭಾಗ ಒಂದು.' ಇಷ್ಟು ಮಾಡಿದ ಮೇಲೆ ಅವಳ ಮುಂದೆ ಕೂತು "ಓದು" ಎನ್ನಬೇಕಿತ್ತು. ಅದಕ್ಕೂ ಮೊದಲು ಬೇರೊಂದು ಮಾತು ಹೇಳಬೇಕಿತ್ತು. ಆ ಮೊದಲ ಮಾತು ಬಾಯಿಗೆ ಬರಲಿಲ್ಲ; ಅದಿಲ್ಲದೆ ಎರಡನೆಯದಕ್ಕೆ ಹೋಗುವುದು ನನಗೆ ಬಾರದು. ಕ್ಯಾಸೆಟ್ ಲೇಬಲ್ಲಿನ ಸಮೇತ ಹಾಗೇ ಉಳಿಯಿತು. ಮೂರು ವರ್ಷದ ಹಿಂದೆ ರುಕ್ಮಿಣಿಯ ಗಂಟಲಿನಲ್ಲಿ ಒಂದು ಗಂಟು ಕಾಣಿಸಿತು. ಆಪರೇಷನ್ ಆಯಿತು. ದನಿಗೆ ತೊಂದರೆಯಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅವರ ತಪ್ಪೇನೂ ಇಲ್ಲ. ಗಂಟು ಹೋಯಿತು, ಜೀವಕ್ಕೆ ಅಪಾಯವಿಲ್ಲ ಎಂದಾಯಿತು. ದನಿ ಒಡೆದು ಒರಟಾಗಿ, ಎರಡು ನಿಮಿಷ ಮಾತಾಡಿದರೆ ಗಾಳಿ ಮಾತ್ರ ಉಳಿಯುವ ಹಾಗಾಯಿತು. ಈಗ ಪತ್ರಿಕೆಯನ್ನು ಅವರವರೇ ಓದಿಕೊಳ್ಳುತ್ತೇವೆ.

ಚೈತ್ರಳಿಗೆ ಈಗ ನಾಲ್ಕು ವರ್ಷದ ಮಗಳು. ಗಿಂಡಿಯಲ್ಲೇ ಅವರ ಮನೆ. ಆ ಮಗು ಸಂಜೆ ಫೋನು ಮಾಡಿ ಕಥೆ ಕೇಳುತ್ತದೆ. ರುಕ್ಮಿಣಿ ಶುರುಮಾಡುತ್ತಾಳೆ. ನರಿ ಬರುವಷ್ಟರಲ್ಲಿ ದನಿ ನಿಂತುಬಿಡುತ್ತದೆ. ಆ ಕಡೆಯಿಂದ "ಅಪ್ಪುರಂ, ಅಜ್ಜೀ? ಅಪ್ಪುರಂ?" ಎಂದು ಕೇಳುವುದು ನನಗೂ ಕೇಳಿಸುತ್ತದೆ. ಬೇಕೆಂದೇ ನಿಲ್ಲಿಸಿದ್ದಾಳೆ ಎಂದು ಮಗು ತಿಳಿದುಕೊಂಡಿದೆ.

ಹೋದ ತಿಂಗಳ ಆ ಎರಡನೆಯ ಶನಿವಾರ ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ತಪ್ಪು ತಿದ್ದುಪಡಿಯನ್ನು ರದ್ದು ಮಾಡುವ ಅಧಿಕಾರ ಅದನ್ನು ಮಾಡಿದವನಿಗೇ ಇರುವುದು, ಬೇರೆಯವರಿಗಿಲ್ಲ. ಅದೂ ನಮ್ಮ ನಿಯಮವೇ. ಎದ್ದು ಕೆಂಪು ಪೆನ್ನು ಹುಡುಕಿದೆ. ನನ್ನ ಅಂಕಿಗಳ ಮೇಲೆ ಗೆರೆ ಎಳೆದು, ಕೆಳಗೆ 1-3-4-2 ಎಂದು ಬರೆದು, ಸಹಿ ಹಾಕಿದೆ. ಹಜಾರಕ್ಕೆ ಹೋದೆ. ರುಕ್ಮಿಣಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಏನದು?"

ಪುಟ ತೋರಿಸಿದೆ. ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಸ್ವಲ್ಪ ದೂರ ಹಿಡಿದು ಓದಿದಳು. ಗಟ್ಟಿಯಾಗಿಯೇ ಓದಿದಳು, ಹಳೆಯ ಅಭ್ಯಾಸ. "ಒಂದು, ಮೂರು, ನಾಲ್ಕು, ಎರಡು."

"ಆವತ್ತು ಏಳುಮಲೈ ಕೇಳಿದಾಗ ಇಂಜಿನಿಯರ್ ಬರೆದದ್ದು ಅಂದಿದ್ದೆನಲ್ಲ" ಎಂದೆ. "ಅವರಲ್ಲ. ನಾನೇ ಬರೆದದ್ದು. ಆಟೋದಲ್ಲಿ ಹೋಗಬಹುದಾಗಿತ್ತು, ಹೋಗಲಿಲ್ಲ. ಅದೂ ನಾನೇ."

"ಗೊತ್ತು."

"ಏನು ಗೊತ್ತು?"

"ಹಿಂದಿನ ದಿನ ನೀವು ಅದನ್ನ ಮೇಜಿನ ಮೇಲಿಟ್ಟು ಹೋದ ತಕ್ಷಣ, ಮೇಜು ಒರೆಸೋಕೆ ಪುಸ್ತಕ ಸರಿಸಿದ್ದು ನಾನೇ ಅಲ್ವಾ. ಶಾಯಿ ಇನ್ನೂ ಹಸಿ ಇತ್ತು. ಸಹಿ ಬೇರೆ ಹಾಕಿದ್ರಿ."

ನಾನು ಅವಳ ಎದುರಿನ ಕುರ್ಚಿಯಲ್ಲಿ ಕೂತೆ. "ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಅವಳು ಒಂದು ಹುರುಳಿಕಾಯಿಯ ನಾರನ್ನು ಉದ್ದಕ್ಕೂ ಎಳೆದು ಮುಗಿಸಿದಳು.

"ನೀವು ಹೇಳ್ತೀರ ಅಂತ ಇದ್ದೆ."

ಇನ್ನೂ ಏನೋ ಹೇಳಲು ಬಾಯಿ ತೆರೆದಳು. ದನಿ ಬರಲಿಲ್ಲ, ಗಾಳಿ ಬಂತು. ಕೈಯಿಂದ ಸ್ವಲ್ಪ ತಾಳಿ ಎಂದು ಸನ್ನೆ ಮಾಡಿದಳು. ಗಡಿಯಾರದಲ್ಲಿ ನಾಲ್ಕಾಗಿ ಐದು ನಿಮಿಷವಾಗಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ, ಶುಂಠಿ ಜಜ್ಜಿ ಹಾಕಿ, ನೀರು ಕಾಯಲಿಟ್ಟು ನಿಂತುಕೊಂಡೆ.